ಸಿ. ಟಿ. ರವಿ

ಚಿಕ್ಕಮಾಗರವಳ್ಳಿ ತಿಮ್ಮೇಗೌಡ ರವಿ (ಜನನ: 18 ಜುಲೈ 1967) ಕರ್ನಾಟಕದ ರಾಜಕಾರಣಿ ಹಾಗೂ ಭಾರತೀಯ ಜನತಾ ಪಕ್ಷದ ಮುಖಂಡರು. 2004ರಿಂದ 2023ರವರೆಗೆ ಸತತ ನಾಲ್ಕು ಅವಧಿಗೆ ಚಿಕ್ಕಮಗಳೂರು ವಿಧಾನಸಭಾ ಕ್ಷೇತ್ರವನ್ನು ಪ್ರತಿನಿಧಿಸಿದ್ದರು. ಮೊದಲ ಬಾರಿ ಶಾಸಕರಾದಾಗ ಅವರಿಗೆ 36 ವರ್ಷ. ಎರಡು ಬಾರಿ ರಾಜ್ಯ ಸಚಿವ ಸಂಪುಟದಲ್ಲಿಯೂ, 2020ರಿಂದ 2023ರವರೆಗೆ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿಯೂ ಕಾರ್ಯನಿರ್ವಹಿಸಿದರು. 2024ರ ಜೂನ್‌ನಲ್ಲಿ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಹಿಂದುತ್ವದ ಪ್ರಖರ ಪ್ರತಿಪಾದಕರೆಂದು ಅವರನ್ನು ಬೆಂಬಲಿಗರೂ ವಿರೋಧಿಗಳೂ ಗುರುತಿಸುತ್ತಾರೆ.

ಹಿನ್ನೆಲೆ

ರವಿಯವರು ಚಿಕ್ಕಮಗಳೂರು ತಾಲ್ಲೂಕಿನ ಕೃಷಿಕ ಒಕ್ಕಲಿಗ ಕುಟುಂಬದಿಂದ ಬಂದವರು. ಸಂಘ ಪರಿವಾರದ ಸಂಘಟನೆಗಳ ಮೂಲಕ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. ಅವರು ಬೆಳೆದ ಕಾಲದಲ್ಲಿ ಚಿಕ್ಕಮಗಳೂರು ಜಿಲ್ಲೆ ಕಾಂಗ್ರೆಸ್ಸಿನ ಭದ್ರಕೋಟೆಯೆನಿಸಿತ್ತು. 1978ರ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಮರಳಿದ್ದು ಇದೇ ಕ್ಷೇತ್ರದಿಂದ. ಇಂಥ ನೆಲದಲ್ಲಿ ಭಾರತೀಯ ಜನತಾ ಪಕ್ಷ ಬೇರುಬಿಟ್ಟ ಬಗೆಯನ್ನು ಅರಿಯಲು ರವಿಯವರ ರಾಜಕೀಯ ಜೀವನ ಒಂದು ಮುಖ್ಯ ಉದಾಹರಣೆಯಾಗಿದೆ.

ದತ್ತಪೀಠ ವಿವಾದ

ಚಿಕ್ಕಮಗಳೂರಿನ ಸಮೀಪದ ಚಂದ್ರದ್ರೋಣ ಪರ್ವತಶ್ರೇಣಿಯ ಬಾಬಾಬುಡನ್‌ಗಿರಿಯಲ್ಲಿರುವ ಗುಹಾಸನ್ನಿಧಿಯನ್ನು ಹಿಂದೂಗಳು ದತ್ತಾತ್ರೇಯರ ಪೀಠವೆಂದೂ, ಮುಸ್ಲಿಮರು ಸೂಫಿ ಸಂತರ ನೆಲೆಯೆಂದೂ ಗೌರವಿಸುತ್ತಾರೆ. ಎರಡೂ ಸಮುದಾಯದವರು ನಡೆದುಕೊಳ್ಳುತ್ತ ಬಂದ ಈ ಕ್ಷೇತ್ರದ ಆಡಳಿತ ಮತ್ತು ಪೂಜಾವಿಧಿಗಳ ಕುರಿತ ವ್ಯಾಜ್ಯ 1970ರ ದಶಕದಿಂದಲೂ ನ್ಯಾಯಾಲಯಗಳಲ್ಲಿತ್ತು. 1990ರ ದಶಕದ ಕೊನೆಯಲ್ಲಿ ವಿಶ್ವ ಹಿಂದೂ ಪರಿಷತ್ ಮತ್ತು ಬಜರಂಗ ದಳಗಳು ದತ್ತಜಯಂತಿ, ಶೋಭಾಯಾತ್ರೆಗಳ ಮೂಲಕ ಇದನ್ನು ಜನಾಂದೋಲನವಾಗಿಸಿದವು. ರವಿಯವರು ಈ ಆಂದೋಲನದ ಮುಂಚೂಣಿಯಲ್ಲಿದ್ದರು. ಇದಕ್ಕೆ ಪ್ರತಿಯಾಗಿ ಕೋಮು ಸೌಹಾರ್ದ ವೇದಿಕೆ ಕೈಗೊಂಡ ಹೋರಾಟದಲ್ಲಿ ಗಿರೀಶ ಕಾರ್ನಾಡ್, ಗೌರಿ ಲಂಕೇಶ್ ಮೊದಲಾದವರು ಪಾಲ್ಗೊಂಡಿದ್ದರು.

ಪೂಜಾವಿಧಿಗಳ ಹೊಣೆಯನ್ನು ಮುಜಾವರರಿಗೆ ಒಪ್ಪಿಸಿ ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶವನ್ನು 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. 2022ರ ಡಿಸೆಂಬರ್‌ನಲ್ಲಿ ಅಂದಿನ ಬಿಜೆಪಿ ಸರ್ಕಾರದ ಅವಧಿಯಲ್ಲಿ ಅಲ್ಲಿಗೆ ಹಿಂದೂ ಅರ್ಚಕರ ನೇಮಕವಾಯಿತು. ಆಂದೋಲನದ ಬೆಂಬಲಿಗರು ಇದನ್ನು ದೀರ್ಘ ಹೋರಾಟದ ಫಲವೆಂದು ಬಣ್ಣಿಸಿದರು. ಕ್ಷೇತ್ರದ ಸಮನ್ವಯ ಪರಂಪರೆಗೆ ಇದರಿಂದ ಧಕ್ಕೆಯಾಯಿತೆಂಬುದು ವಿರೋಧಿಗಳ ವಾದ.

ಶಾಸಕ ಮತ್ತು ಸಚಿವ

1999ರ ಚುನಾವಣೆಯಲ್ಲಿ ರವಿಯವರು ಕಾಂಗ್ರೆಸ್ಸಿನ ಸಿ. ಆರ್. ಸಗೀರ್ ಅಹಮದ್ ಅವರೆದುರು ಅಲ್ಪ ಅಂತರದಿಂದ ಪರಾಭವಗೊಂಡರು. 2004ರಲ್ಲಿ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. 79 ಸ್ಥಾನಗಳೊಡನೆ ಬಿಜೆಪಿ ರಾಜ್ಯದಲ್ಲಿ ಅತಿದೊಡ್ಡ ಪಕ್ಷವಾಗಿ ಹೊಮ್ಮಿದ್ದೂ ಅದೇ ಚುನಾವಣೆಯಲ್ಲಿ. 2008, 2013 ಮತ್ತು 2018ರಲ್ಲಿ ಅವರು ಪುನರಾಯ್ಕೆಯಾದರು.

2012ರ ಜುಲೈನಲ್ಲಿ ಜಗದೀಶ ಶೆಟ್ಟರ್ ಅವರ ಸಂಪುಟ ಸೇರಿ ಉನ್ನತ ಶಿಕ್ಷಣ ಸಚಿವರಾದರು. 2019ರ ಆಗಸ್ಟ್‌ನಲ್ಲಿ ಬಿ. ಎಸ್. ಯಡಿಯೂರಪ್ಪನವರ ಸಂಪುಟವನ್ನು ಸೇರಿದ ಅವರು ಪ್ರವಾಸೋದ್ಯಮ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನಿರ್ವಹಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿ ನೇಮಕಗೊಂಡ ಬಳಿಕ ಸಚಿವ ಸ್ಥಾನವನ್ನು ತೊರೆದರು. ಅವರಿಗೆ ತಮಿಳುನಾಡಿನ ಉಸ್ತುವಾರಿಯನ್ನು ವಹಿಸಲಾಗಿತ್ತು. 2021ರ ಅಲ್ಲಿನ ಚುನಾವಣೆಯಲ್ಲಿ ಅಣ್ಣಾ ಡಿಎಂಕೆ ಮೈತ್ರಿಯೊಡನೆ ಬಿಜೆಪಿ 4 ಸ್ಥಾನಗಳನ್ನು ಗಳಿಸಿತು.

ರಾಜಕೀಯ ನಿಲುವುಗಳು

ಧರ್ಮ ಮತ್ತು ಸಂಸ್ಕೃತಿ: ಗೋಹತ್ಯೆ ನಿಷೇಧ, ಮತಾಂತರ ನಿಯಂತ್ರಣ ಮತ್ತು ಏಕರೂಪ ನಾಗರಿಕ ಸಂಹಿತೆಗಳನ್ನು ರವಿಯವರು ಬೆಂಬಲಿಸುತ್ತಾರೆ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮದ ಪರವಾಗಿ ಬಹಿರಂಗವಾಗಿ ವಾದಿಸಿದರು. 2015ರಲ್ಲಿ ಆರಂಭವಾದ ಸರ್ಕಾರಿ ಟಿಪ್ಪು ಜಯಂತಿಯನ್ನು ವಿರೋಧಿಸಿದ್ದರು.

ಪೌರತ್ವ ಕಾಯ್ದೆ: 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಚರ್ಚೆಯ ಸಂದರ್ಭದಲ್ಲಿ ಕಾಂಗ್ರೆಸ್ಸಿನ ಯು. ಟಿ. ಖಾದರ್ ಅವರ ಮಾತಿಗೆ ಪ್ರತಿಕ್ರಿಯಿಸುತ್ತ ಗೋಧ್ರಾ ಘಟನೆಯನ್ನು ಉಲ್ಲೇಖಿಸಿದ್ದು ತೀವ್ರ ಟೀಕೆಗೆ ಒಳಗಾಯಿತು.

ನಾಮಕರಣ: 2021ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್‌ಗಳಿಗೆ ಅನ್ನಪೂರ್ಣೇಶ್ವರಿಯ ಹೆಸರಿಡಬೇಕೆಂದು ಒತ್ತಾಯಿಸಿದರು.

ಕುಟುಂಬ ರಾಜಕಾರಣ: ಇದನ್ನು ವಿರೋಧಿಸುವ ರವಿಯವರು, ಪಕ್ಷದ ಟಿಕೆಟ್ ಯಾರದೇ ಮನೆಯ ಅಡುಗೆಕೋಣೆಯಲ್ಲಿ ನಿರ್ಧಾರವಾಗುವುದಿಲ್ಲವೆಂಬ ಅರ್ಥದಲ್ಲಿ 2023ರಲ್ಲಿ ಆಡಿದ ಮಾತು ಪಕ್ಷದೊಳಗೇ ಚರ್ಚೆಗೆ ಕಾರಣವಾಯಿತು.

2023ರ ಸೋಲು

2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಚ್. ಡಿ. ತಮ್ಮಯ್ಯನವರು ರವಿಯವರನ್ನು 5,926 ಮತಗಳ ಅಂತರದಿಂದ ಸೋಲಿಸಿದರು. ಲಿಂಗಾಯತ ಸಮುದಾಯದ ತಮ್ಮಯ್ಯನವರು ಚುನಾವಣೆಗೆ ಕೆಲವೇ ತಿಂಗಳ ಮೊದಲು ಬಿಜೆಪಿಯನ್ನು ತೊರೆದು ಕಾಂಗ್ರೆಸ್ ಸೇರಿದ್ದರು. ಈ ಸೋಲು ಒಂದು ಕ್ಷೇತ್ರಕ್ಕೆ ಸೀಮಿತವಾಗಿರಲಿಲ್ಲ. ಜಿಲ್ಲೆಯ ಐದು ಕ್ಷೇತ್ರಗಳ ಪೈಕಿ 2018ರಲ್ಲಿ ಶೃಂಗೇರಿಯನ್ನುಳಿದು ನಾಲ್ಕರಲ್ಲಿ ಬಿಜೆಪಿ ಗೆದ್ದಿತ್ತು. 2023ರಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ಕಡೂರು ಹಾಗೂ ಅಜ್ಜಂಪುರವನ್ನೊಳಗೊಂಡ ತರೀಕೆರೆ, ಈ ಐದೂ ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾದವು. ಸೈದ್ಧಾಂತಿಕ ವಿಷಯಗಳ ಜೊತೆಗೆ ಜಾತಿ ಸಮೀಕರಣ, ಪಕ್ಷದೊಳಗಿನ ಅಸಮಾಧಾನ ಮತ್ತು ಸರ್ಕಾರದ ಮೇಲಿನ ಜನಾಭಿಪ್ರಾಯಗಳೂ ಫಲಿತಾಂಶವನ್ನು ರೂಪಿಸುತ್ತವೆ ಎಂಬುದಕ್ಕೆ ಈ ಜಿಲ್ಲೆ ನಿದರ್ಶನವಾಯಿತು.

ವಿಧಾನ ಪರಿಷತ್ತು

2024ರ ಜೂನ್‌ನಲ್ಲಿ ರವಿಯವರು ವಿಧಾನಸಭೆಯಿಂದ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. ಅದೇ ವರ್ಷದ ಡಿಸೆಂಬರ್ 19ರಂದು, ಬೆಳಗಾವಿಯ ಅಧಿವೇಶನದಲ್ಲಿ ತಮ್ಮ ವಿರುದ್ಧ ಅವಹೇಳನಕಾರಿ ಪದ ಬಳಸಿದರೆಂದು ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ದೂರಿದರು. ರವಿಯವರು ಆರೋಪವನ್ನು ನಿರಾಕರಿಸಿದರು. ಪೊಲೀಸರು ಅವರನ್ನು ಬಂಧಿಸಿದರಾದರೂ, ಮರುದಿನ ಹೈಕೋರ್ಟ್ ಮಧ್ಯಂತರ ಆದೇಶದ ಮೂಲಕ ಬಿಡುಗಡೆಗೆ ಸೂಚಿಸಿತು. ಸದನದೊಳಗೆ ಆಡಿದ್ದೆನ್ನಲಾದ ಮಾತಿನ ವಿಚಾರಣೆ ಸಭಾಪತಿಗಳ ಅಧಿಕಾರಕ್ಕೆ ಸೇರಿದ್ದೋ, ಪೊಲೀಸರ ವ್ಯಾಪ್ತಿಗೆ ಬರುವಂಥದ್ದೋ ಎಂಬ ಪ್ರಶ್ನೆಯನ್ನು ಈ ಪ್ರಕರಣ ಮುನ್ನೆಲೆಗೆ ತಂದಿತು.

ಚುನಾವಣಾ ಫಲಿತಾಂಶಗಳು (ಚಿಕ್ಕಮಗಳೂರು ಕ್ಷೇತ್ರ)

1999: ಸೋಲು
2004: ಗೆಲುವು
2008: ಗೆಲುವು
2013: ಗೆಲುವು
2018: ಗೆಲುವು (ಕಾಂಗ್ರೆಸ್ಸಿನ ಬಿ. ಎಲ್. ಶಂಕರ್ ವಿರುದ್ಧ, ಅಂತರ 26,314)
2023: ಸೋಲು (ಕಾಂಗ್ರೆಸ್ಸಿನ ಎಚ್. ಡಿ. ತಮ್ಮಯ್ಯ ವಿರುದ್ಧ, ಅಂತರ 5,926)