ಬಸ್ತಿಹಳ್ಳಿಯ ಕಂಬಗಳೂ ವಿನೋದದ ಶಾಸ್ತ್ರವೂ

ಹೊಯ್ಸಳರೆಂದರೆ ಸಳನು ಹುಲಿಯನ್ನು ಕೊಂದ ಕಥೆಯೊಂದನ್ನು ಮಾತ್ರ ನಮ್ಮ ಮಕ್ಕಳು ಬಲ್ಲರೆಂಬ ವ್ಯಥೆಯಿಂದಲೂ, ಸಂಚಿಕೆಯ ಸಂಪಾದಕರ ಒತ್ತಾಯಕ್ಕೆ ಕಟ್ಟುಬಿದ್ದೂ ಈ ಲೇಖನವನ್ನು ಬರೆಯಹೊರಟಿದ್ದೇನೆ. ಹಾಸನ ಜಿಲ್ಲೆಯ ಹಳೇಬೀಡು ಹಿಂದೆ ದೋರಸಮುದ್ರವೆಂಬ ಹೆಸರಿನ ರಾಜಧಾನಿಯಾಗಿತ್ತು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಹೊಯ್ಸಳೇಶ್ವರ ದೇವಾಲಯವನ್ನು ದರ್ಶಿಸಿ ಬಹುಮಂದಿ ಹಿಂದಿರುಗಿಬಿಡುತ್ತಾರೆ. ಅನತಿದೂರದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಜೈನ ಬಸದಿಗಳು ಯಾತ್ರಿಕರನ್ನು ಕಾಣದೆ ನಿಂತಿರುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಪಾರ್ಶ್ವನಾಥ ಬಸದಿಯನ್ನು, ಹೊಯ್ಸಳ ದೊರೆ ವಿಷ್ಣುವರ್ಧನನ ಮಹಾದಂಡನಾಯಕನಾಗಿದ್ದ ಗಂಗರಾಜನ ನೆನಪಿಗಾಗಿ ಅವನ ಮಗನಾದ ಬೊಪ್ಪನು 1133ರಲ್ಲಿ ಕಟ್ಟಿಸಿ, ತಂದೆಯ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ನಾಮಕರಣ ಮಾಡಿದನು. ಪ್ರತಿಷ್ಠೆಯ ಪ್ರಸಾದವನ್ನು ಹೊತ್ತ ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಸನ್ನಿಧಿಗೆ ಬಂದಾಗ, ಅವನು ಮಸಣನೆಂಬ ವೈರಿಯನ್ನು ಗೆದ್ದ ಹರ್ಷದಲ್ಲಿದ್ದನು; ರಾಣಿ ಲಕ್ಷ್ಮೀದೇವಿಗೆ ಪುತ್ರೋತ್ಸವವೂ ಆಗಿತ್ತು. ವಿಜಯವೂ ಪುತ್ರನೂ ಈ ದೇವರ ಅನುಗ್ರಹದಿಂದಲೇ ಲಭಿಸಿದವೆಂದು ಬಗೆದ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನವು ಹೇಳುತ್ತದೆ. ಒಂದೇ ಹೆಸರನ್ನು ಮಗನಿಗೂ ಪರಮತದ ದೇವರಿಗೂ ಹಂಚಿದ ಆ ಔದಾರ್ಯವನ್ನು ನೆನೆದಾಗಲೆಲ್ಲ ನನ್ನ ಎದೆಯುಬ್ಬುತ್ತದೆ.

ಆದರೆ ಮಕ್ಕಳ ಮನವನ್ನು ಸೆಳೆಯುವುದು ಈ ಬಸದಿಯ ನವರಂಗವೆಂಬ ನಡುಮಂಟಪದ ಕಂಬಗಳು. ನನ್ನ ಬಾಲ್ಯದಲ್ಲಿ ತಾತನವರು ನಮ್ಮನ್ನು ಒಂದು ಕಂಬದೆದುರು ನಿಲ್ಲಿಸಿದ್ದರು; ಕನ್ನಡಿಯಂತೆ ಹೊಳೆಯುವ ಕರಿಯ ಕಲ್ಲಿನ ಉಬ್ಬುತಗ್ಗುಗಳಲ್ಲಿ ನಮ್ಮ ಮುಖಗಳು ಒಂದೆಡೆ ನೀಳವಾಗಿ, ಒಂದೆಡೆ ಕುಗ್ಗಿ, ಮತ್ತೊಂದೆಡೆ ಹಲವಾಗಿ ತೋರಿದುದನ್ನು ಕಂಡು, ದೇವರ ಮುಂದಿರುವೆವೆಂಬುದನ್ನೂ ಮರೆತು ನಾವು ನಕ್ಕೆವು; ಅವರು ಗದರಿಸಲಿಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಬಳಿಕ ಗಡುಸಾಗುವ ಬಳಪದ ಕಲ್ಲನ್ನು ಕಡಸಲು ಯಂತ್ರದಲ್ಲಿ ತಿರುಗಿಸಿ, ಉಳಿಯೊಡ್ಡಿ, ಉಜ್ಜಿ ಹೊಳಪಿಸಿದ ಕೆಲಸವಿದು. ಸೂರನ್ನು ಹೊರುವುದಕ್ಕೆ ಒರಟಾದ ಚೌಕದ ಕಂಬವೇ ಸಾಕಾಗಿತ್ತು. ಈ ನುಣುಪಿಗೆ ಕಾರಣ ಕಣ್ಣಿನ ಸಂತೋಷವಲ್ಲದೆ ಬೇರೆಯಲ್ಲ.

ವಿನೋದಕ್ಕೆ ಇಂಥ ಗೌರವವು ಎಲ್ಲಿಂದ ಬಂದಿತು? ಹೊಯ್ಸಳರಿಗೆ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಐದು ವಿಂಶತಿಗಳಲ್ಲಿ ಕೊನೆಯ ಎರಡು, ಅಂದರೆ ನೂರರಲ್ಲಿ ನಲವತ್ತು ಅಧ್ಯಾಯಗಳು, ವಿನೋದಕ್ಕೂ ಕ್ರೀಡೆಗೂ ಮೀಸಲು: ಮಲ್ಲಯುದ್ಧ, ಗೀತ, ನೃತ್ಯ, ಕಥೆ, ಉಯ್ಯಾಲೆ, ಒಗಟು, ಚದುರಂಗ, ಪಗಡೆ. ರಾಜ್ಯಭಾರದೊಡನೆ ಆಟವನ್ನೂ ಶಾಸ್ತ್ರವಾಗಿ ವಿವರಿಸಿದ ದೊರೆ ಅನ್ಯತ್ರ ವಿರಳ. 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ ಕಾಣುವ ಕಡೆದ ಕಂಬಗಳೂ ಆ ಚಾಲುಕ್ಯರ ನಾಡಿನವೇ. ಆ ಕೈಚಳಕವನ್ನು ಹೊಯ್ಸಳ ಶಿಲ್ಪಿಗಳು ಬಸ್ತಿಹಳ್ಳಿಯಲ್ಲಿ ಪರಾಕಾಷ್ಠೆಗೆ ಒಯ್ದರೆಂಬುದೇ ನನ್ನ ಅಭಿಮತ.

ಪರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಕಪಾಟಿನ ಮೇಲಿರುವ ಚನ್ನಪಟ್ಟಣದ ಬುಗುರಿ ಬೊಂಬೆಗಳೂ ಮರವನ್ನು ಕಡಸಲಿಗೆ ಹಿಡಿದು, ಅರಗಿನ ಬಣ್ಣವೇರಿಸಿ ಮಾಡಿದವೇ. ಮುಂದಿನ ರಜೆಯಲ್ಲಿ ಊರಿಗೆ ಹೋಗುವವರು ದಯವಿಟ್ಟು ಬಸ್ತಿಹಳ್ಳಿಗೂ ಹೋಗಿ, ಇಸವಿಗಳನ್ನು ಬದಿಗಿಟ್ಟು, ಮಕ್ಕಳನ್ನು ಮೊದಲು ಆ ಕಂಬಗಳೆದುರು ನಿಲ್ಲಿಸಿರಿ; ಬೊಪ್ಪನ ವಿಚಾರವನ್ನು ಅವರಾಗಿಯೇ ಕೇಳುವರು.