ಕನ್ನಡ ಜಾಲಪುಟದ ವೇಗ ಮತ್ತು ಅಕ್ಷರದ ಪರಿಕಲ್ಪನೆ: ಒಂದು ಚಾರಿತ್ರಿಕ ಅವಲೋಕನ

ಸಾರಾಂಶ

ಕನ್ನಡ ಜಾಲಪುಟಗಳು ಬೇಗನೆ ತೆರೆದುಕೊಳ್ಳಲೆಂದು 1990ರ ದಶಕದಿಂದ ಇಂದಿನವರೆಗೆ ಅನುಸರಿಸಿದ ತಾಂತ್ರಿಕ ವಿಧಾನಗಳನ್ನು ಈ ಲೇಖನ ಭಾಷಾವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುತ್ತದೆ. ಪ್ರತಿಯೊಂದು ವಿಧಾನದ ಹಿಂದೆಯೂ ಅಕ್ಷರ ಎಂದರೇನು ಎಂಬುದರ ಬಗೆಗೆ ಒಂದು ನಿಲುವು ಅಡಗಿತ್ತು. ಪಠ್ಯವನ್ನೂ ಅದರ ದೃಶ್ಯರೂಪವನ್ನೂ ಬೇರೆಬೇರೆಯಾಗಿ ಇರಿಸಿದ ವಿಧಾನಗಳು ಬಾಳಿಕೆ ಬಂದವು. ವೇಗಕ್ಕಾಗಿ ಅವೆರಡನ್ನೂ ಬೆಸೆದ ವಿಧಾನಗಳು ಭಾಷಿಕ ದಾಖಲೆಯ ನಷ್ಟದಲ್ಲಿ ಕೊನೆಗೊಂಡವು ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಕನ್ನಡ ಲಿಪಿ, ಸಂಕೇತೀಕರಣ, ಯೂನಿಕೋಡ್, ಜಾಲಫಾಂಟ್, ಜಾಲಪುಟದ ವೇಗ, ಕಾರ್ಪಸ್

1. ಪೀಠಿಕೆ

ಜಾಲಪುಟದ ವೇಗವನ್ನು ಸಾಮಾನ್ಯವಾಗಿ ಎಂಜಿನಿಯರಿಂಗ್ ಸಮಸ್ಯೆಯೆಂದೇ ಭಾವಿಸಲಾಗುತ್ತದೆ. ಸ್ಟೀವ್ ಸೌಡರ್ಸ್ 2007ರಲ್ಲಿ ಪ್ರಕಟಿಸಿದ ‘ಹೈ ಪರ್ಫಾರ್ಮೆನ್ಸ್ ವೆಬ್ ಸೈಟ್ಸ್’ ಈ ಕ್ಷೇತ್ರದ ಆಧಾರಗ್ರಂಥಗಳಲ್ಲಿ ಒಂದು. ಬಳಕೆದಾರನು ಕಾಯುವ ಸಮಯದ ಶೇಕಡಾ 80ರಿಂದ 90ರಷ್ಟು ಭಾಗವು ಸರ್ವರ್‌ನಲ್ಲಿ ಅಲ್ಲ, ಪುಟದ ಘಟಕಗಳನ್ನು ತರಿಸಿ ಬ್ರೌಸರ್‌ನಲ್ಲಿ ಜೋಡಿಸುವುದರಲ್ಲಿ ವ್ಯಯವಾಗುತ್ತದೆ ಎಂಬುದು ಅದರ ಮುಖ್ಯ ಪ್ರತಿಪಾದನೆ. ಕೋರಿಕೆಗಳ ಸಂಖ್ಯೆಯನ್ನು ತಗ್ಗಿಸಬೇಕು, ಪಠ್ಯವನ್ನು ಸಂಕುಚಿಸಿ ಕಳುಹಿಸಬೇಕು, ಒಮ್ಮೆ ತಂದದ್ದನ್ನು ಮತ್ತೆ ತರಿಸದೆ ಕಾಪಿಟ್ಟುಕೊಳ್ಳಬೇಕು ಎಂಬ ಅಲ್ಲಿನ ಸೂತ್ರಗಳು ಮೇಲ್ನೋಟಕ್ಕೆ ಎಲ್ಲ ಭಾಷೆಗಳಿಗೂ ಒಂದೇ.

ಆದರೆ ಈ ಸೂತ್ರಗಳು ರೂಪುಗೊಂಡ ಪರಿಸರದಲ್ಲಿ ಅಕ್ಷರವು ಚರ್ಚೆಯ ವಿಷಯವೇ ಆಗಿರಲಿಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಒಂದು ಆಕೃತಿ, ಕೀಲಿಮಣೆಯಲ್ಲಿ ಒಂದು ಕೀಲಿ. ಕನ್ನಡದಲ್ಲಿ ಈ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಬಿಂದುಗಳ ಸರಣಿ: ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ. ಯುಟಿಎಫ್-8 ರೂಪದಲ್ಲಿ ಅದೇ 18 ಬೈಟ್. ಹೀಗಿರುವಾಗ ಪುಟವನ್ನು ಹಗುರಗೊಳಿಸುವ ಪ್ರತಿಯೊಂದು ಕ್ರಮವೂ ಕನ್ನಡದ ಮಟ್ಟಿಗೆ ಅಕ್ಷರದ ಸ್ವರೂಪದ ಬಗೆಗಿನ ತೀರ್ಮಾನವೂ ಆಗುತ್ತದೆ. ಆ ತೀರ್ಮಾನಗಳ ಚರಿತ್ರೆಯನ್ನು ಮುಂದಿನ ಭಾಗಗಳಲ್ಲಿ ಗುರುತಿಸಲಾಗಿದೆ.

2. ಚಿತ್ರ ಮತ್ತು ತುಣುಕು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಹೆಸರಾಗಿದೆ. ಆಗ ಮನೆಗಳಲ್ಲಿದ್ದ ಸಂಪರ್ಕ ದೂರವಾಣಿ ತಂತಿಯ ಮೂಲಕ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್ ಎಲ್ಲವೂ ಸರಿಯಿದ್ದಾಗ ಒಂದು ಸೆಕೆಂಡಿನಲ್ಲಿ 3.6 ಕಿಲೋಬೈಟ್ ತರಬಲ್ಲದು. ಓದುಗನ ಗಣಕದಲ್ಲಿ ಕನ್ನಡ ಫಾಂಟ್ ಇರುವ ಖಾತರಿ ಇರಲಿಲ್ಲವಾದ್ದರಿಂದ ಪುಟ ರಚಿಸುವವರ ಮುಂದೆ ಎರಡು ದಾರಿಗಳಿದ್ದವು.

ಮೊದಲನೆಯದು ಕನ್ನಡ ಬರಹವನ್ನು ಚಿತ್ರವಾಗಿಸಿ ಕಳುಹಿಸುವುದು. ಇದರಿಂದ ಆಕೃತಿಗೆ ಕುಂದಿಲ್ಲ. ಆದರೆ 40 ಕಿಲೋಬೈಟಿನ ಒಂದು ಚಿತ್ರಕ್ಕೆ 11 ಸೆಕೆಂಡು ಕಾಯಬೇಕು, ಕಾದು ಪಡೆದದ್ದರಲ್ಲಿ ಹುಡುಕಲೂ ನಕಲಿಸಲೂ ಬರುವುದಿಲ್ಲ. ಎರಡನೆಯದು ಫಾಂಟ್ ಆಧಾರಿತ ಸಂಕೇತ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳು ಈ ದಾರಿಯನ್ನು ಜನಸಾಮಾನ್ಯರಿಗೆ ತೆರೆದವು. ಗಣಕದಲ್ಲಿ ಕನ್ನಡದ ಬಳಕೆ ಹರಡಲು ಅವು ಸಲ್ಲಿಸಿದ ಸೇವೆ ದೊಡ್ಡದು. ಅವುಗಳ ಅಂದಿನ ಫಾಂಟ್‌ಗಳು ರೋಮನ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ಆಕೃತಿತುಣುಕುಗಳನ್ನು ಇರಿಸಿದ್ದವು.

ಈ ಸಂಕೇತದ ಒಳರಚನೆ ಭಾಷಾವಿಜ್ಞಾನಿಗೆ ಕುತೂಹಲಕರ. ‘ಕ’ ಎಂಬ ಅಕ್ಷರ ಇಲ್ಲಿ ಎರಡು ಸಂಕೇತ: ಅಕ್ಷರದ ಒಡಲು ಮತ್ತು ತಲೆಕಟ್ಟು. ಯೂನಿಕೋಡ್‌ನಲ್ಲಿ ಗುರುತೇ ಇಲ್ಲದ ಅಂತರ್ಗತ ಅಕಾರಕ್ಕೆ ಇಲ್ಲಿ ತಲೆಕಟ್ಟಿನ ರೂಪದಲ್ಲಿ ಸ್ವತಂತ್ರ ಸ್ಥಾನವಿದೆ. ‘ಮ’ ಎಂಬುದು ‘ವ’ದ ಒಡಲು, ತಲೆಕಟ್ಟು ಮತ್ತು ಕೊಂಬು ಕೂಡಿದ್ದು. ‘ಯ’ದಲ್ಲಿ ಅನುಸ್ವಾರದ ಸೊನ್ನೆಯೂ ಒಂದು ಕೊಂಬೂ ಸೇರಿವೆ. ‘ಸೂರ್ಯ’ ಎಂಬಲ್ಲಿ ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರವು ಅರ್ಕಾವೊತ್ತಾಗಿ ಯಕಾರದ ನಂತರ ದಾಖಲಾಗುತ್ತದೆ. ಅಂದರೆ ಇದು ನುಡಿಯ ಕ್ರಮವನ್ನಲ್ಲ, ಕೈಬರಹದ ಕ್ರಮವನ್ನು ಅನುಸರಿಸಿದ ಸಂಕೇತ.

ವೇಗದ ಲೆಕ್ಕದಲ್ಲಿ ಇದು ಲಾಭದಾಯಕವೇ ಆಗಿತ್ತು. ‘ಕನ್ನಡ’ ಎಂಬ ಪದಕ್ಕೆ ನುಡಿಯ ಸಂಕೇತದಲ್ಲಿ 7 ಬೈಟ್ ಸಾಕು. ಯುಟಿಎಫ್-8 ರೂಪದಲ್ಲಿ 15 ಬೇಕು. ‘ಸ್ತ್ರೀ’ಗೆ ಅಲ್ಲಿ ನಾಲ್ಕೇ ಬೈಟ್. ಆದರೆ ಉಳಿಸಿದ ಬೈಟುಗಳಿಗೆ ತೆತ್ತ ಬೆಲೆ ಬೇರೆಡೆ ಕಾಣಿಸಿಕೊಂಡಿತು. ಇಂಥ ಪಠ್ಯದಲ್ಲಿ ವಕಾರದ ಆವರ್ತನೆಯನ್ನು ಬೈಟುಗಳಿಂದ ಎಣಿಸಿದರೆ ಮಕಾರವೂ ಸೇರಿಕೊಳ್ಳುತ್ತದೆ. ಅನುಸ್ವಾರವನ್ನು ಹುಡುಕಿದರೆ ಯಕಾರವೂ ಸಿಗುತ್ತದೆ. ಅಕಾರಾದಿ ಜೋಡಣೆ ಅಸಾಧ್ಯ.

3. ಜಾಲಪುಟದೊಡನೆ ಬಂದ ಫಾಂಟ್

ಓದುಗನು ಫಾಂಟ್ ಅಳವಡಿಸಿಕೊಳ್ಳುವ ತೊಡಕನ್ನು ತಪ್ಪಿಸಲು ಫಾಂಟನ್ನೇ ಪುಟದೊಂದಿಗೆ ಕಳುಹಿಸುವ ತಂತ್ರ 1997ರ ವೇಳೆಗೆ ಬಂದಿತು. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಪರಸ್ಪರ ಹೊಂದದ ಎರಡು ಕ್ರಮಗಳನ್ನು ಪ್ರಚಾರಕ್ಕೆ ತಂದವು. 1998ರ ಸಿಎಸ್ಎಸ್ 2 ಮಾನಕವು ಇದಕ್ಕೆ ಸಾಮಾನ್ಯ ವ್ಯಾಕರಣವೊಂದನ್ನು ಒದಗಿಸಿತಾದರೂ 2.1ನೇ ಆವೃತ್ತಿ ಅದನ್ನು ಕೈಬಿಟ್ಟಿತು.

60 ಕಿಲೋಬೈಟಿನ ಫಾಂಟ್ ಅಂದಿನ ಮೋಡೆಮ್‌ನಲ್ಲಿ ಇಳಿಯಲು ಸುಮಾರು 17 ಸೆಕೆಂಡು ಬೇಕು. ಆದ್ದರಿಂದ ಪುಟದಲ್ಲಿ ಬಳಕೆಯಾದ ಆಕೃತಿಗಳನ್ನಷ್ಟೇ ಉಳಿಸಿ ಫಾಂಟನ್ನು ಕಿರಿದುಗೊಳಿಸುವ ಸೌಲಭ್ಯ ಮೈಕ್ರೋಸಾಫ್ಟ್‌ನ ಸಾಧನದಲ್ಲಿತ್ತು. ಫಾಂಟಿನ ಹಕ್ಕುಸ್ವಾಮ್ಯವನ್ನು ಕಾಯಲು ಅದನ್ನು ನಿರ್ದಿಷ್ಟ ಜಾಲವಿಳಾಸಕ್ಕೆ ಕಟ್ಟಿಹಾಕುವ ವ್ಯವಸ್ಥೆಯೂ ಇತ್ತು. ಈ ಎರಡು ಜಾಣ್ಮೆಗಳ ಪರಿಣಾಮ ನಿಧಾನವಾಗಿ ಗೋಚರಿಸಿತು. ಪಠ್ಯದ ಅರ್ಥವೆಲ್ಲ ಫಾಂಟಿನಲ್ಲಿದ್ದುದರಿಂದ, ತಾಣದ ವಿಳಾಸ ಬದಲಾದಾಗ ಅಥವಾ ಬ್ರೌಸರ್ ಆ ಕ್ರಮವನ್ನು ಬಿಟ್ಟುಕೊಟ್ಟಾಗ ಪುಟದಲ್ಲಿ ಉಳಿದದ್ದು ರೋಮನ್ ಅಕ್ಷರಗಳ ಅಸಂಗತ ಸಾಲು ಮಾತ್ರ.

ಹೀಗೆ ಉಳಿದ ಪುಟಗಳು ಇಂದಿಗೂ ಜಾಲಸಂಗ್ರಹಾಗಾರಗಳಲ್ಲಿವೆ. ಬೈಟುಗಳಾಗಿ ಅವು ಸುರಕ್ಷಿತ, ಕನ್ನಡವಾಗಿ ಅಲ್ಲ. ಯಾವ ಫಾಂಟಿನ ಸಂಕೇತವೆಂಬ ಮಾಹಿತಿ ಇದ್ದರೆ ಪರಿವರ್ತನ ಸಾಧ್ಯ. ಆ ಮಾಹಿತಿ ಕಳೆದುಹೋದರೆ ತುಣುಕುಗಳ ಆವರ್ತನೆಯಿಂದ ಊಹಿಸಬೇಕಾಗುತ್ತದೆ. ಬೈಟುಗಳ ಭಾಷೆಯನ್ನು ತಾನಾಗಿ ಗುರುತಿಸುವ ಸಾಧನಕ್ಕೆ ಇಂಥ ಪುಟ ಕನ್ನಡವೆಂದು ತಿಳಿಯುವುದೇ ಇಲ್ಲ. ಜಾಲದಿಂದ ಪಠ್ಯ ಸಂಗ್ರಹಿಸಿ ಕಾರ್ಪಸ್ ಕಟ್ಟುವಾಗ ಅವು ಸದ್ದಿಲ್ಲದೆ ಹೊರಗುಳಿಯುತ್ತವೆ. ಕನ್ನಡ ಗದ್ಯ ಕಾಗದದಿಂದ ತೆರೆಗೆ ಬಂದ ಸಂಧಿಕಾಲದ ಸಾಕ್ಷ್ಯ ಈ ಬಗೆಯ ಪುಟಗಳಲ್ಲಿದೆ ಎಂಬುದನ್ನು ನೆನೆದರೆ ನಷ್ಟದ ಪ್ರಮಾಣ ಅರಿವಾಗುತ್ತದೆ.

4. ಮೂರು ಬೈಟುಗಳ ಆಕ್ಷೇಪ

ಪಠ್ಯವನ್ನು ಆಕೃತಿಯಿಂದ ಬಿಡಿಸುವ ಚಿಂತನೆ ಇದಕ್ಕಿಂತ ಹಳೆಯದು. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಸಂಕೇತ ಭಾರತೀಯ ಲಿಪಿಗಳನ್ನು ಉಚ್ಚಾರಣೆಯ ಕ್ರಮದಲ್ಲಿ ದಾಖಲಿಸುತ್ತಿತ್ತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿ ಇಸ್ಕಿಯ 1988ರ ರೂಪವನ್ನು ಆಧರಿಸಿ ಕನ್ನಡಕ್ಕೆ 128 ಸ್ಥಾನಗಳ ಖಂಡವೊಂದನ್ನು ನೀಡಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಕ್ರಮವನ್ನು ರೂಪಿಸಿದರು. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಬಿಂದುವಿಗೆ ಮೂರು.

ಕನ್ನಡ ಪಠ್ಯ ಇದರಿಂದ ಮೂರು ಪಟ್ಟು ಭಾರವಾಗುತ್ತದೆ ಎಂಬ ಆಕ್ಷೇಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕನ್ನಡ ಖಂಡದ ಎಲ್ಲ ಸಂಕೇತಬಿಂದುಗಳಲ್ಲಿಯೂ ಮೊದಲ ಬೈಟ್ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆಗಳು. 24 ಬಿಟ್‌ಗಳಲ್ಲಿ ನಿಜವಾದ ಭೇದವನ್ನು ಹೊರುವುದು 7 ಮಾತ್ರ. ಖಂಡವು ಎರಡಾಗಿ ಸೀಳುವ ಜಾಗವೂ ಗಮನಾರ್ಹ: ಇಕಾರದ ಚಿಹ್ನೆ ಮೊದಲರ್ಧದ ಕೊನೆಯದು, ಈಕಾರದ ಚಿಹ್ನೆ ಎರಡನೆಯ ಅರ್ಧದ ಮೊದಲನೆಯದು. ಹ್ರಸ್ವದೀರ್ಘಗಳ ನಡುವೆ ಬಿದ್ದ ಈ ಗೆರೆಗೆ ಭಾಷಿಕ ಕಾರಣವಿಲ್ಲ. ಅದು 64ರ ಗುಣಕದ ಆಕಸ್ಮಿಕ. ಇಂಥ ಪುನರಾವೃತ್ತಿಯನ್ನು ಹಿಂಡುವುದೇ ಸಂಕೋಚನ ವಿಧಾನಗಳ ಕೆಲಸ. ‘ಜಿ-ಜಿಪ್’ ಅಥವಾ ‘ಬ್ರಾಟ್ಲಿ’ ಸಂಕೋಚನವನ್ನು ಸರ್ವರ್‌ನಲ್ಲಿ ಸಕ್ರಿಯಗೊಳಿಸಿದರೆ ಮೂರು ಪಟ್ಟಿನ ಭಾರದ ಬಹುಪಾಲು ದಾರಿಯಲ್ಲಿಯೇ ಕರಗುತ್ತದೆ.

ಸಂಕೋಚನ ಮುಟ್ಟದ ಎಡೆಗಳಲ್ಲಿ ತೊಡಕು ಉಳಿಯುತ್ತದೆ. ಜಾಲವಿಳಾಸದಲ್ಲಿ ಪ್ರತಿ ಬೈಟನ್ನು ಮೂರು ಚಿಹ್ನೆಗಳಾಗಿ ಬಿಡಿಸುವುದರಿಂದ ‘ಕನ್ನಡ’ ಎಂಬ ಪದ 45 ಚಿಹ್ನೆಗಳಾಗುತ್ತದೆ. 255 ಬೈಟುಗಳ ಮಿತಿಯುಳ್ಳ ಶೀರ್ಷಿಕೆಯ ಅಂಕಣದಲ್ಲಿ 85 ಸಂಕೇತಬಿಂದುಗಳಷ್ಟೇ ಹಿಡಿಸುತ್ತವೆ. ಬೈಟ್ ಎಣಿಸಿ ಕತ್ತರಿಸಿದರೆ ಸಂಕೇತಬಿಂದು ಮುರಿಯುತ್ತದೆ. ಸಂಕೇತಬಿಂದು ಎಣಿಸಿ ಕತ್ತರಿಸಿದರೆ ‘ಸ್ತ್ರೀ’ಯು ‘ಸ್ತ್’ ಆಗಿ ನಿಲ್ಲಬಹುದು. ‘ಓ’ಕಾರದ ಚಿಹ್ನೆಯನ್ನು ಒಂದು ಸಂಕೇತಬಿಂದುವಾಗಿಯೂ ಮೂರಾಗಿಯೂ ಬರೆಯಲು ಅವಕಾಶವಿದೆ, ಒಂದೇ ಆಗಿ ಕಾಣುವ ಎರಡು ರೂಪಗಳನ್ನು ಏಕರೂಪಗೊಳಿಸದಿದ್ದರೆ ಹುಡುಕಾಟ ಸೋಲುತ್ತದೆ.

ಯೂನಿಕೋಡ್ ಕನ್ನಡ ಓದುಗರ ಕೈಗೆ ಬರಲು ಕಾರ್ಯಾಚರಣ ವ್ಯವಸ್ಥೆಯ ನೆರವು ಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಹೊಣೆ ಪಠ್ಯದಿಂದ ಫಾಂಟಿಗೂ ಓದುಗನ ಗಣಕಕ್ಕೂ ವರ್ಗವಾಯಿತು. ಪುಟಗಳು ಫಾಂಟಿನ ಹೊರೆಯಿಲ್ಲದೆ, ಬರಿಯ ಪಠ್ಯವಾಗಿ ಸಾಗತೊಡಗಿದವು. ವೇಗ ಮತ್ತು ಭಾಷಿಕ ನಿಷ್ಠೆ ಇಲ್ಲಿ ಮೊದಲ ಬಾರಿಗೆ ಒಂದೇ ದಿಕ್ಕಿನಲ್ಲಿ ನಡೆದವು.

5. ಜಾಲಫಾಂಟ್ ಮತ್ತು ಒತ್ತಕ್ಷರ

ಅಂದವಾದ ಫಾಂಟ್‌ಗಳ ಬಯಕೆ ಫಾಂಟನ್ನು ಮತ್ತೆ ಪುಟದೊಡನೆ ಕಳುಹಿಸುವ ಪದ್ಧತಿಯನ್ನು ಮರಳಿಸಿತು. ‘ವಾಫ್’ ಕ್ರಮ 2012ರಲ್ಲಿಯೂ, ಬ್ರಾಟ್ಲಿ ಸಂಕೋಚನ ಬಳಸುವ ಅದರ ಎರಡನೆಯ ಆವೃತ್ತಿ 2018ರಲ್ಲಿಯೂ ವಿಶ್ವವ್ಯಾಪಿ ಜಾಲ ಒಕ್ಕೂಟದ ಶಿಫಾರಸುಗಳಾದವು. ಈ ಬಾರಿ ಪಠ್ಯ ಯೂನಿಕೋಡ್ ಆಗಿಯೇ ಉಳಿಯಿತು. ಫಾಂಟ್ ಬಾರದಿದ್ದರೂ ಓದು ನಿಲ್ಲುವುದಿಲ್ಲ. ಆದರೂ ಎಚ್ಚರಿಕೆ ಬೇಕಾದ ಸ್ಥಳಗಳು ನಾಲ್ಕು.

ಮೊದಲನೆಯದು ಫಾಂಟ್ ಕಿರಿದುಗೊಳಿಸುವಿಕೆ. ರೋಮನ್ ಲಿಪಿಯಲ್ಲಿ ಬೇಡದ ಸಂಕೇತಬಿಂದುಗಳನ್ನು ತೆಗೆದರೆ ಕೆಲಸ ಮುಗಿಯಿತು. ಕನ್ನಡದ ಒತ್ತಕ್ಷರಗಳಿಗೆ ಸ್ವಂತ ಸಂಕೇತಬಿಂದುವೇ ಇಲ್ಲ. ಅವು ಫಾಂಟಿನೊಳಗಿನ ಪರ್ಯಾಯಕೋಷ್ಟಕಗಳ ಮೂಲಕವಷ್ಟೇ ದೊರೆಯುತ್ತವೆ. ಆ ಕೋಷ್ಟಕಗಳನ್ನು ಅನುಸರಿಸದೆ ಕತ್ತರಿಸಿದರೆ ‘ಕನ್ನಡ’ದ ನಕಾರದ ಒತ್ತು ಮಾಯವಾಗಿ ಹಲಂತ ಬಯಲಾಗುತ್ತದೆ.

ಎರಡನೆಯದು ಅದೃಶ್ಯ ಚಿಹ್ನೆಗಳು. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗದಂತೆ ತಡೆಯುವುದು ಶೂನ್ಯ ಅಗಲದ ಒಂದು ವಿಭಾಜಕ. ಅದು ಮೂರು ಬೈಟಿನ ವ್ಯರ್ಥ ಭಾರವೆಂದು ಪುಟ ಹಗುರಗೊಳಿಸುವ ಸಾಧನ ಅಳಿಸಿಹಾಕಿದರೆ ಅಳಿಯುವುದು ಪದರಚನೆಯ ಗಡಿ. ಕನ್ನಡ ಫಾಂಟಿಗೆ ನಿಗದಿಪಡಿಸುವ ಸಂಕೇತವ್ಯಾಪ್ತಿಯಲ್ಲಿ ಈ ಚಿಹ್ನೆಗಳೂ ಇರಬೇಕು. ಇಲ್ಲವಾದರೆ ಒಂದು ಅಕ್ಷರದ ಅಂಗಗಳು ಎರಡು ಫಾಂಟುಗಳಿಗೆ ಹಂಚಿಹೋಗಿ ಜೋಡಣೆ ಕೆಡಬಹುದು.

ಮೂರನೆಯದು ಕಾಯುವ ಅವಧಿ. ಫಾಂಟ್ ಬರುವವರೆಗೆ ಬ್ರೌಸರ್‌ಗಳು ಸಾಮಾನ್ಯವಾಗಿ ಮೂರು ಸೆಕೆಂಡಿನವರೆಗೆ ಪಠ್ಯವನ್ನು ಮರೆಮಾಡುತ್ತವೆ. ಸಾಧನದಲ್ಲಿರುವ ಫಾಂಟಿನಲ್ಲಿ ತಕ್ಷಣ ತೋರಿಸಿ ಆಮೇಲೆ ಬದಲಿಸುವ ಆಯ್ಕೆಯೂ ಇದೆ; ಓದುಗನ ದೃಷ್ಟಿಯಿಂದ ಅದೇ ಮೇಲು. ನಾಲ್ಕನೆಯದು ಎತ್ತರ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಫಾಂಟುಗಳ ಅಳತೆ ಹೊಂದದಿದ್ದರೆ ಬದಲಾವಣೆಯ ಕ್ಷಣದಲ್ಲಿ ಪುಟ ಕುಪ್ಪಳಿಸುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಕಿರಿದಾದ ಸಾಲಿನಲ್ಲಿ ಒತ್ತಿನ ತುದಿ ಕತ್ತರಿಸಿಹೋಗುತ್ತದೆ.

2020ರಲ್ಲಿ ಗೂಗಲ್ ಪ್ರಕಟಿಸಿದ ಅಳತೆಗಳು ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂದೂ, ಪುಟದ ಸ್ಥಾನಪಲ್ಲಟದ ಅಂಕ 0.1ನ್ನು ಮೀರಬಾರದೆಂದೂ ಹೇಳುತ್ತವೆ. ಇವು ಉಪಯುಕ್ತ ಅಳತೆಗಳೇ. ಆದರೆ ಒತ್ತಕ್ಷರ ಸರಿಯಾಗಿ ಕೂಡಿದೆಯೇ, ವಿಭಾಜಕ ಉಳಿದಿದೆಯೇ ಎಂಬುದನ್ನು ಇವುಗಳಲ್ಲಿ ಯಾವುದೂ ಅಳೆಯುವುದಿಲ್ಲ. ಕನ್ನಡ ಮುರಿದುಬಿದ್ದ ಪುಟವೂ ಪೂರ್ಣಾಂಕ ಗಳಿಸಬಹುದು.

6. ಉಪಸಂಹಾರ

ಮೂರು ದಶಕಗಳ ಈ ಅನುಭವದಲ್ಲಿ ಅಕ್ಷರದ ಜ್ಞಾನ ನೆಲೆಸಿದ ಜಾಗ ಬದಲಾಗುತ್ತ ಬಂದಿದೆ: ಮೊದಲು ಚಿತ್ರದಲ್ಲಿ, ಅನಂತರ ತುಣುಕುಗಳ ಸಂಕೇತದಲ್ಲಿ, ಕೊನೆಗೆ ಫಾಂಟ್ ಮತ್ತು ಗಣಕದ ಜೋಡಣಾ ವ್ಯವಸ್ಥೆಯಲ್ಲಿ. ಬೈಟುಗಳನ್ನು ಮಾತ್ರ ಲೆಕ್ಕಹಾಕಿದಾಗ ಅತ್ಯಂತ ಮಿತವ್ಯಯಿಯಾಗಿ ಕಂಡ ತುಣುಕುಸಂಕೇತವೇ ಕಾಲಾಂತರದಲ್ಲಿ ಅತ್ಯಂತ ದುಬಾರಿಯಾಯಿತು. ದುಂದೆಂದು ತೋರಿದ ಮೂರು ಬೈಟುಗಳ ಪಠ್ಯ ಹುಡುಕಾಟಕ್ಕೂ ಸಂಶೋಧನೆಗೂ ಒದಗಿತು.

ಪ್ರಕಟಣೆಗಳನ್ನೂ ಕವನಗಳನ್ನೂ ಚಿತ್ರವಾಗಿಸಿ ಜಾಲಕ್ಕೇರಿಸುವ ರೂಢಿ ಇಂದಿಗೂ ನಿಂತಿಲ್ಲ. 1990ರ ದಶಕದಲ್ಲಿ ಅದಕ್ಕೆ ಬೇರೆ ದಾರಿ ಇರಲಿಲ್ಲವೆಂಬ ಸಮರ್ಥನೆಯಿತ್ತು, ಈಗ ಅದೂ ಇಲ್ಲ. ಕನ್ನಡ ಜಾಲಪುಟದ ವೇಗವನ್ನು ಪರೀಕ್ಷಿಸುವ ಪಟ್ಟಿಯಲ್ಲಿ ‘ಸ್ತ್ರೀ’, ‘ಸೂರ್ಯ’, ‘ರಾಜ್‌ಕುಮಾರ್’ಗಳಂಥ ಕೆಲವು ಪದಗಳ ಪರಿಶೀಲನೆಯೂ ಸೇರಬೇಕು. ಆ ಪದಪಟ್ಟಿಯನ್ನು ಸಿದ್ಧಪಡಿಸುವುದು ಎಂಜಿನಿಯರ್ ಒಬ್ಬರಿಂದಲೇ ಆಗುವ ಕೆಲಸವಲ್ಲ. ಹಾಗೆಯೇ, ತುಣುಕುಸಂಕೇತದಲ್ಲಿ ಉಳಿದಿರುವ ಆರಂಭಕಾಲದ ಪುಟಗಳನ್ನು ಗುರುತಿಸಿ ಯೂನಿಕೋಡ್‌ಗೆ ತರುವ ಕಾರ್ಯಕ್ಕೆ ಲಿಪಿಶಾಸ್ತ್ರ, ಧ್ವನಿಮಾಶಾಸ್ತ್ರ ಮತ್ತು ಗಣಕ ಇವು ಮೂರನ್ನೂ ಬಲ್ಲ ಸಂಶೋಧಕರು ಬೇಕು. ಅಂದಿನ ಫಾಂಟುಗಳನ್ನು ಬಳಸಿ ಅವುಗಳ ಒಳಗುಟ್ಟನ್ನು ಅರಿತವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆರಂಭವಾಗುವುದು ಉಚಿತ.