ಗಾಜಿನ ಮೇಲೆ ಉಳಿದ ಮನೆತನ

ರಾಯಚೂರು, ಮಾನ್ವಿ, ದೇವದುರ್ಗದ ಹಳೆಯ ಮನೆಗಳ ಪಡಸಾಲೆಯ ಗೋಡೆಗಳ ಮೇಲೆ ಹೆಚ್ಚಾಗಿ ಗಂಡಸರ ಫೋಟೋಗಳೇ ಕಾಣುತ್ತವೆ. ರುಮಾಲು ಸುತ್ತಿದ ಅಜ್ಜ, ಉದ್ದ ಕೋಟಿನ ಮುತ್ತಜ್ಜ. ಮುತ್ತಜ್ಜಿ ಎಲ್ಲಿ ಎಂದು ಕೇಳಿದರೆ, "ಆಗೆಲ್ಲ ಹೆಣಮಕ್ಕಳು ಪರಗಂಡಸರ ಮುಂದ ಕೂಡ್ತಿದ್ದಿಲ್ಲವ್ವಾ" ಎಂಬ ಉತ್ತರ ಬರುತ್ತದೆ. ಈ ತೊಡಕಿಗೆ ಶತಮಾನದ ಹಿಂದೆಯೇ ಒಂದು ದಾರಿ ಹುಡುಕಿದವರು ರಾಜಾ ದೀನದಯಾಳರು.

1948ರವರೆಗೆ ನಮ್ಮ ಜಿಲ್ಲೆ ನಿಜಾಮರ ಆಳಿಕೆಯಲ್ಲಿತ್ತು. ಕನ್ನಡ ನಾಡಿನೊಂದಿಗೆ ಕೂಡಿದ್ದು 1956ರಲ್ಲಿ. ನಮ್ಮ ಹಿರಿಯರಿಗೆ ರಾಜಧಾನಿ ಎಂದರೆ ಹೈದರಾಬಾದೇ. ಹೀಗಾಗಿ ಅಲ್ಲಿನ ದರಬಾರಿ ಛಾಯಾಗ್ರಾಹಕರು ನಮಗೆ ತೀರ ಹೊರಗಿನವರಲ್ಲ.

ದೀನದಯಾಳರು 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ, ಜೈನ ಕುಟುಂಬದಲ್ಲಿ ಹುಟ್ಟಿದರು. ರೂರ್ಕಿಯಲ್ಲಿ ಓದಿ ಇಂದೋರಿನಲ್ಲಿ ನೌಕರಿಗೆ ಸೇರಿದರು. ಹವ್ಯಾಸಕ್ಕೆ ಹಿಡಿದ ಕ್ಯಾಮೆರಾವೇ ಮುಂದೆ ಅನ್ನವಾಯಿತು. ಆಮೇಲೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಸೇರಿದರು.

ಕ್ರೀಡಾ ಛಾಯಾಗ್ರಾಹಕ ಎಂಬ ಹೆಸರು ಆಗ ಇರಲಿಲ್ಲ, ಆದರೆ ಆ ಕೆಲಸವಿತ್ತು. ನಿಜಾಮರಿಗೆ ಬೇಟೆಯ ಹುಚ್ಚು. ಅವರ ಶಿಕಾರಿಗಳನ್ನೂ ಪೋಲೋ ತಂಡಗಳನ್ನೂ ದೀನದಯಾಳರು ಚಿತ್ರಿಸಿದರು. 1902ರಲ್ಲಿ ವೈಸರಾಯ್ ಕರ್ಜನ್ ದಂಪತಿಗಳು ಕೊಂದ ಹುಲಿಯೊಡನೆ ನಿಂತ ಚಿತ್ರವೂ ಅವರ ಸಂಸ್ಥೆಯದೇ. ಮೊದಲೆಲ್ಲ ಗಾಜಿಗೆ ಮದ್ದು ಬಳಿದು, ಅದು ಆರುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಿತ್ತು; ಕಾಡಿಗೆ ಹೋದರೆ ಕತ್ತಲೆಯ ಡೇರೆಯನ್ನೂ ಹೊರಬೇಕು. ಒಣ ಗಾಜಿನ ಫಲಕಗಳು ಬಂದ ಮೇಲೆ ಆ ಹೊರೆ ತಪ್ಪಿತು. ಚಿತ್ರ ಮೂಡಲು ಬೇಕಾದ ಹೊತ್ತೂ ಕಡಿಮೆಯಾಯಿತು.

ಗಂಡಸರ ಆಟಗಳು ಹೀಗೆ ದಾಖಲಾದವು. ಮನೆಯೊಳಗಿನ ಹೆಂಗಸರ ಗತಿ? 1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ, ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಅದನ್ನು ನಡೆಸಿದವರು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ಗೋಷಾದ ಹೆಣ್ಣು ಅಲ್ಲಿ ಹೆಣ್ಣಿನೆದುರೇ ಮುಖ ತೆರೆದು ಕೂಡಬಹುದಿತ್ತು. ಇದರಲ್ಲಿ ವ್ಯಾಪಾರವೂ ಇತ್ತು, ನಿಜ. ಆದರೂ ಹೆಣ್ಣಿನ ಸಂಕೋಚವನ್ನು ಅರಿತು, ಅದನ್ನು ಮುರಿಯದೆ ಬಾಗಿಲು ತೆರೆದದ್ದು ದೊಡ್ಡ ಮಾತು. ಅಷ್ಟಾಗಿಯೂ ಅದು ತಲುಪಿದ್ದು ಉಳ್ಳವರನ್ನು. ದೇವದುರ್ಗದ ಹೊಲದಲ್ಲಿ ಜೋಳ ಕೊಯ್ಯುವವಳಿಗೆ ಆ ಬಾಗಿಲು ಬಹು ದೂರ.

ದೀನದಯಾಳರ ಕಸುಬು ಸಂಸಾರದಿಂದ ಬೇರೆಯಾಗಿರಲಿಲ್ಲ. ಮಕ್ಕಳಾದ ಜ್ಞಾನಚಂದ್, ಧರ್ಮಚಂದ್ ಇಬ್ಬರೂ ತಂದೆಯ ಜೊತೆ ದುಡಿದರು. ಸಂಸ್ಥೆಯ ಹೆಸರಿನಲ್ಲೇ 'ಮಕ್ಕಳು' ಎಂಬ ಮಾತಿತ್ತು. 1904ರಲ್ಲಿ ಧರ್ಮಚಂದ್ ತೀರಿಕೊಂಡರು. ಮರುವರ್ಷವೇ ತಂದೆಯೂ ಹೋದರು. ಎಷ್ಟೋ ಮನೆಗಳ ಮುಖಗಳನ್ನು ಉಳಿಸಿಕೊಟ್ಟವರಿಗೆ ಮಗನ ಸಾವನ್ನು ನೋಡುವ ಗತಿ ಬಂತು.

ಆದರೆ ಮನೆತನ ಗಾಜುಗಳನ್ನು ಕೈಬಿಡಲಿಲ್ಲ. ಒಂದು ಏಟಿಗೆ ಒಡೆಯುವ ಆ ಫಲಕಗಳನ್ನು ತಲೆಮಾರುಗಳ ಕಾಲ ಕಾಪಾಡಿತು. 1989ರಲ್ಲಿ 2,800ಕ್ಕೂ ಹೆಚ್ಚು ಫಲಕಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿದವು. 2006ರಲ್ಲಿ ದೀನದಯಾಳರ ಅಂಚೆಚೀಟಿಯೂ ಬಂತು.

ಇತಿಹಾಸ ಅರಮನೆಯಲ್ಲಷ್ಟೇ ಉಳಿಯುವುದಿಲ್ಲ, ಟ್ರಂಕಿನ ತಳದಲ್ಲೂ ಉಳಿಯುತ್ತದೆ. ನಮ್ಮ ಮನೆಗಳ ಟ್ರಂಕುಗಳಲ್ಲಿ ಸೀರೆಗಳ ನಡುವೆ ಹಳದಿಗಟ್ಟಿದ ಫೋಟೋಗಳಿವೆ. ಹಿರಿಯರು ಇರುವಾಗಲೇ ಕೇಳಿ, ಅವುಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆದಿಡೋಣ, ಹೆಣ್ಣುಮಕ್ಕಳದು ಮೊದಲು.